ಬಳ್ಳಾರಿ ಜಾಲಿ, ಲಂಟಾನ: ಗುರುತು ಹಿಡಿದು ಬುಡಸಮೇತ ತೆಗೆಯುವ ಬಗೆ

ನಮ್ಮ ಕಡೆ ಬಳ್ಳಾರಿ ಜಾಲಿ ಕಡಿಯದ ವರ್ಷವಿಲ್ಲ, ಅದು ಮತ್ತೆ ಬೆಳೆಯದ ವರ್ಷವೂ ಇಲ್ಲ. ಕೆರೆ ಏರಿ ಮೇಲೆ ಜಂಗಲ್ ಕಟಿಂಗ್ ನಡೆಯುತ್ತದೆ, ಸೌದೆ ಲಾರಿ ಹತ್ತುತ್ತದೆ, ಬಿಲ್ಲೂ ಆಗುತ್ತದೆ. ನಾಲ್ಕು ಮಳೆ ಬೀಳುವುದರೊಳಗೆ ಒಂದು ಕಾಂಡವಿದ್ದ ಕಡೆ ಎಂಟು ಹತ್ತು ಚಿಗುರು ಎದ್ದು, ಮೊದಲಿಗಿಂತ ದಟ್ಟವಾದ ಪೊದೆ ನಿಂತಿರುತ್ತದೆ. ಗಿಡದ ಮೊಂಡುತನ ಇದಕ್ಕೆ ಅರ್ಧ ಕಾರಣ. ಇನ್ನರ್ಧ, ನಾವು ಕೊಡಲಿ ಹಾಕುವ ಜಾಗ. ನೆಲದಿಂದ ಒಂದು ಗೇಣು ಮೇಲೆ ಕಡಿದರೆ ಜಾಲಿಗೆ ಸವರಿದಷ್ಟೇ ಆಯಿತು. ನೆಲದಿಂದ ಒಂದು ಗೇಣು ಕೆಳಗೆ ಕಡಿದರೆ ಅದು ಸತ್ತಿತು. ಈ ಎರಡು ಗೇಣಿನ ವ್ಯತ್ಯಾಸವನ್ನು ಪ್ರತಿ ಊರಿನವರೂ ತಿಳಿದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಷ್ಟೋ ಕೆರೆ, ಗೋಮಾಳಗಳು ಮತ್ತೆ ನಮ್ಮ ಕೈಗೆ ಬರುತ್ತವೆ.

ಎರಡೂ ಗಿಡಗಳು ಹೊರಗಿನವು. ಬಳ್ಳಾರಿ ಜಾಲಿಯ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಕಡಪ ಸೀಮೆಯಲ್ಲಿ ಬಿತ್ತಿದರು. ಉದ್ದೇಶ ಒಳ್ಳೆಯದೇ ಆಗಿತ್ತು: ಬರದ ನೆಲಕ್ಕೆ ಹಸಿರು, ಬಡವರಿಗೆ ಸೌದೆ. ಆಂಧ್ರದ ಗಡಿಗೆ ಅಂಟಿಕೊಂಡ ಬಾಗೇಪಲ್ಲಿ, ಪಾವಗಡದ ಕಡೆ ತೆಲುಗು ಮಾತಾಡುವವರು ಇದನ್ನು ಇವತ್ತಿಗೂ ‘ಸರ್ಕಾರ್ ತುಮ್ಮ’ ಎನ್ನುತ್ತಾರೆ. ಲಂಟಾನ ಅದಕ್ಕಿಂತ ಹಳಬ. 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವೆಂದು ಬಂದು, ಬೇಲಿಯಿಂದ ಬೇಲಿಗೆ, ಬೇಲಿಯಿಂದ ಬೆಟ್ಟಕ್ಕೆ ಹತ್ತಿತು. ಬಯಲು ಮತ್ತು ಕೆರೆಯಂಗಳ ಜಾಲಿಯ ಪಾಲು, ಬೆಟ್ಟದ ಬುಡ ಮತ್ತು ಕುರುಚಲು ಕಾಡು ಲಂಟಾನದ ಪಾಲು. ಎರಡನ್ನೂ ತೆಗೆಯುವ ರೀತಿ ಬೇರೆ ಬೇರೆ.

ಮೊದಲು ಗುರುತು, ಆಮೇಲೆ ಮಚ್ಚು

ಇಲ್ಲಿ ಅವಸರ ಮಾಡಬೇಡಿ. ‘ಮುಳ್ಳಿನ ಗಿಡವೆಲ್ಲ ಜಾಲಿ’ ಎಂದು ನುಗ್ಗಿ ಬನ್ನಿ, ಗೊಬ್ಬಳಿಗಳನ್ನೂ ನೆಲಸಮ ಮಾಡಿದ ಉದಾಹರಣೆಗಳಿಗೆ ಬರವಿಲ್ಲ. ಗೊಬ್ಬಳಿ ಮರ ನೇಗಿಲಿಗೆ, ಗಾಡಿಗೆ, ಕುರಿ ಮೇವಿಗೆ ತಲೆಮಾರುಗಳಿಂದ ಒದಗಿ ಬಂದದ್ದು. ಅದನ್ನು ಕಳೆದುಕೊಂಡರೆ ಇನ್ನೊಂದು ಎದ್ದು ನಿಲ್ಲಲು ಹತ್ತಾರು ವರ್ಷ ಬೇಕು.

ಬಳ್ಳಾರಿ ಜಾಲಿಯನ್ನು ಹೂವು, ಕಾಯಿ ನೋಡಿ ಹೇಳುವುದು ಸುಲಭ. ಹೂವು ಹಸಿರು ಮಿಶ್ರಿತ ಹಳದಿ, ಬೆರಳುದ್ದದ ತೆನೆಯಾಗಿ ಜೋತು ಬೀಳುತ್ತದೆ. ಕಾಯಿ ಚಪ್ಪಟೆ, ಹಣ್ಣಾದಾಗ ಒಣಹುಲ್ಲಿನ ಬಣ್ಣ, ಗೇಣುದ್ದದವರೆಗೆ ಬೆಳೆಯುತ್ತದೆ, ಮುರಿದು ನಾಲಿಗೆಗೆ ಇಟ್ಟರೆ ಸಿಹಿ. ಕಾಯಿ ತಾನಾಗಿ ಒಡೆಯುವುದಿಲ್ಲ. ರೆಂಬೆ ಗಿಣ್ಣಿನಿಂದ ಗಿಣ್ಣಿಗೆ ಅಂಕುಡೊಂಕಾಗಿ ಸಾಗುತ್ತದೆ, ಗಿಣ್ಣಿನಲ್ಲಿ ಸಾಮಾನ್ಯವಾಗಿ ಜೋಡಿ ಮುಳ್ಳು. ಸುತ್ತಲಿನ ಗಿಡಗಳೆಲ್ಲ ಬೋಳಾದ ಕಡುಬೇಸಿಗೆಯಲ್ಲೂ ಇದು ಹಸಿರಾಗಿರುತ್ತದೆ. ಬುಡದಿಂದಲೇ ಹಲವು ಕಾಂಡ ಹೊರಟು ನೆಲಕ್ಕೆ ಬಾಗುತ್ತವೆ.

ಇದರ ಜೊತೆ ಗೊಂದಲವಾಗುವ ನಮ್ಮ ಗಿಡಗಳಲ್ಲಿ ಮೊದಲನೆಯದು ಗೊಬ್ಬಳಿ, ಅಂದರೆ ಕರಿಜಾಲಿ. ಅದರ ಹೂವು ಅರಿಶಿನ ಬಣ್ಣದ ದುಂಡು ಉಂಡೆ. ಕಾಯಿ ಮಣಿಸರದ ಹಾಗೆ ಬೀಜ ಬೀಜಕ್ಕೂ ಕುಗ್ಗಿರುತ್ತದೆ, ತೊಗಟೆ ಕಪ್ಪಗೆ ಸೀಳಿರುತ್ತದೆ, ಮುಳ್ಳು ನೀಳವಾಗಿ ಬೆಳ್ಳಗಿರುತ್ತದೆ. ಬಿಳಿಜಾಲಿಯ ತೊಗಟೆ ತಿಳಿಬಣ್ಣದ್ದು, ನೆತ್ತಿ ಕೊಡೆಯಂತೆ ಹರಡಿರುತ್ತದೆ, ಹೂವು ಇದರಲ್ಲೂ ಉಂಡೆಯೇ. ನಿಜವಾಗಿ ಮೋಸ ಹೋಗುವುದು ಬನ್ನಿ ಮತ್ತು ಕಗ್ಗಲಿಯಲ್ಲಿ, ಏಕೆಂದರೆ ಅವುಗಳ ಹೂವೂ ತೆನೆಯೇ. ಬನ್ನಿ ಬಳ್ಳಾರಿ ಜಾಲಿಯ ದಾಯಾದಿ. ಅದರ ಮುಳ್ಳು ಚಿಕ್ಕದು, ಬುಡ ಅಗಲ, ಗಿಣ್ಣಿಗೆ ಜೋಡಿಯಾಗಿ ಕೂರದೆ ರೆಂಬೆಯ ಉದ್ದಕ್ಕೂ ಚದುರಿರುತ್ತದೆ. ಕಗ್ಗಲಿಯ ಮುಳ್ಳು ಕೊಕ್ಕೆಯಂತೆ ಬಾಗಿರುತ್ತದೆ, ಕಾಯಿ ತೆಳ್ಳಗೆ ಕಂದು ಬಣ್ಣದ್ದು.

ಕಡಿಯುವ ಹಿಂದಿನ ದಿನ ಊರಿನ ಒಬ್ಬ ಹಿರಿಯ ಕುರಿಗಾಹಿಯನ್ನು ಕರೆದುಕೊಂಡು ಹೋಗಿ, ಉಳಿಸಬೇಕಾದ ಮರಗಳಿಗೆ ಸುಣ್ಣದ ಪಟ್ಟೆ ಬಳಿಯಿರಿ. ಕೆಲಸಕ್ಕೆ ಬಂದವರಿಗೆ ‘ಸುಣ್ಣ ಇರೋದು ಮುಟ್ಟಬೇಡಿ’ ಎಂದರೆ ಸಾಕು. ಬಿಸಿಲಲ್ಲಿ ನಿಂತು ಹೂವು ಕಾಯಿಯ ಪಾಠ ಹೇಳಬೇಕಾಗಿಲ್ಲ.

ಲಂಟಾನಕ್ಕೆ ಇಷ್ಟು ಕಷ್ಟವಿಲ್ಲ. ಎಳೆಕಾಂಡ ನಾಲ್ಕು ಮೂಲೆಯದು, ಅದರ ಮೇಲೆ ಬಾಗಿದ ಸಣ್ಣ ಮುಳ್ಳು. ಒರಟು ಎಲೆ ಎದುರುಬದುರು ಕೂತಿರುತ್ತದೆ, ಉಜ್ಜಿದರೆ ಘಾಟು ವಾಸನೆ. ಒಂದೇ ಗೊಂಚಲಿನಲ್ಲಿ ಹಳದಿ, ಗುಲಾಬಿ ಹೂವು ಒಟ್ಟಿಗೆ ಇರುತ್ತವೆ. ಹಣ್ಣು ಮಾಗಿದರೆ ಕಪ್ಪು.

ಬೀಜ ಎಲ್ಲಿಂದ ಬರುತ್ತದೆ

ಜಾಲಿ ಕಾಯಿ ಸಿಹಿಯಾಗಿರುವುದರಿಂದ ಕುರಿ, ಮೇಕೆ, ದನ, ಕಾಡುಹಂದಿ ಎಲ್ಲವೂ ತಿನ್ನುತ್ತವೆ. ತಿರುಳು ಜೀರ್ಣವಾಗುತ್ತದೆ, ಗಟ್ಟಿ ಸಿಪ್ಪೆಯ ಬೀಜ ಉಳಿಯುತ್ತದೆ. ಹೊಟ್ಟೆಯ ಹುಳಿಯಲ್ಲಿ ನೆಂದು ಬಂದ ಬೀಜ ಇನ್ನೂ ಬೇಗ ಮೊಳೆಯುತ್ತದೆ, ಜೊತೆಗೆ ಅದಕ್ಕೆ ಗೊಬ್ಬರವೂ ಸಿಕ್ಕಿರುತ್ತದೆ. ಮೊಳೆಯದೆ ಉಳಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ.

ಹೊಲಕ್ಕೆ ಜಾಲಿ ಬರುವ ದಾರಿ ನಮ್ಮ ಕಡೆ ಮುಖ್ಯವಾಗಿ ಮೂರು. ಮೊದಲನೆಯದು, ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು. ಜಾಲಿ ಕಾಯಿ ಉದುರುವುದೂ ಬೇಸಿಗೆಯಲ್ಲೇ, ಬೇರೆ ಮೇವಿಲ್ಲದ ಮಂದೆ ಅದನ್ನೇ ಮೇದು ಬಂದಿರುತ್ತದೆ. ಎರಡನೆಯದು ಕೆರೆ ಗೋಡು. ಜಾಲಿ ತುಂಬಿದ ಕೆರೆಯ ಹೂಳು ಹೊಡೆಸಿದರೆ ಮಣ್ಣಿನ ಜೊತೆ ಬೀಜವೂ ಟ್ರ್ಯಾಕ್ಟರ್ ಹತ್ತಿ ಬರುತ್ತದೆ. ಮೂರನೆಯದು, ಕಾಯಿ ಬಿಟ್ಟ ರೆಂಬೆಯನ್ನೇ ಕಡಿದು ಬೇಲಿಗೆ ಇಡುವುದು. ಮುಂದಿನ ಮಳೆಗೆ ಬೇಲಿಯ ಸಾಲಿನಲ್ಲೇ ಸಸಿ ಎದ್ದಿರುತ್ತದೆ.

ಮಂದೆ ನಿಲ್ಲಿಸುವುದನ್ನೂ ಗೋಡು ಹೊಡೆಸುವುದನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ, ಎರಡೂ ನಮ್ಮ ಕೆಂಪು ನೆಲಕ್ಕೆ ಬೇಕು. ಆದರೆ ಅದಾದ ಮೇಲೆ ಬೀಳುವ ಮೊದಲ ಎರಡು ಹದಮಳೆಯ ನಂತರ ಹೊಲದಲ್ಲಿ ಒಂದು ಸುತ್ತು ಹಾಕಲೇಬೇಕು. ಒಣಗಿದ ಹಿಕ್ಕೆ ರಾಶಿಯ ಮಧ್ಯೆ ಅಂಗುಲದೆತ್ತರದ ಜಾಲಿ ಸಸಿಗಳು ಗುಂಪಾಗಿ ನಿಂತಿರುತ್ತವೆ. ಎರಡು ದಪ್ಪ ಬೀಜದೆಲೆ, ಅದರ ಮೇಲೆ ಗರಿಯಂಥ ಮೊದಲೆಲೆ. ಆ ಹೊತ್ತಿಗೆ ಎರಡು ಬೆರಳಲ್ಲಿ ಹಿಡಿದರೆ ಬೇರು ಸಮೇತ ಬರುತ್ತವೆ. ಮೊಣಕಾಲೆತ್ತರ ಆದರೆ ಗುದ್ದಲಿ ಬೇಕು, ಆಳೆತ್ತರ ಆದರೆ ಪಿಕಾಸಿ, ಹಾರೆ ಮತ್ತು ಇಬ್ಬರು ಆಳು.

ಹೊತ್ತು, ಅಪ್ಪಣೆ, ಸಲಕರಣೆ

ಹೊಲ, ಬೀಳು ಜಮೀನಿಗೆ ಚಿತ್ತಾ, ಸ್ವಾತಿ ಮಳೆಯ ನಂತರದ ದಿನಗಳು, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ ಹೇಳಿ ಮಾಡಿಸಿದ ಕಾಲ. ಮಣ್ಣು ಮೆತ್ತಗಿರುತ್ತದೆ, ಗುದ್ದಲಿ ಇಳಿಯುತ್ತದೆ. ಕೆರೆಯಂಗಳಕ್ಕೆ ಮಾತ್ರ ಬೇಸಿಗೆಯೇ ಆಗಬೇಕು. ಮಾರ್ಚಿಯಲ್ಲಿ ಶುರು ಮಾಡಿ, ಏಪ್ರಿಲ್ ಕೊನೆಗೆ ಹುಟ್ಟುವ ಭರಣಿ ಮಳೆಯೊಳಗೆ ಮುಗಿಸಿ.

ಸ್ವಂತ ಹಿಡುವಳಿಯಲ್ಲದ ಜಾಗದಲ್ಲಿ ಅಪ್ಪಣೆ ಪತ್ರವಿಲ್ಲದೆ ಕೊಡಲಿ ಎತ್ತಬೇಡಿ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ (ಅಂದರೆ ನೀರುಣ್ಣುವ ಜಮೀನಿನ) ಕೆರೆಗಳು ಜಿಲ್ಲಾ ಪಂಚಾಯಿತಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಿರ್ಣಯ ಮಾಡಿಸಿ, ಆ ಪ್ರತಿಯೊಂದಿಗೆ ಅರ್ಜಿ ಕೊಡಿ. ಅರಣ್ಯಕ್ಕೆ ಸೇರಿದ ಜಾಗವಾದರೆ ವಲಯ ಅರಣ್ಯಾಧಿಕಾರಿ ಕಚೇರಿ. ಹಿಡುವಳಿ ಜಮೀನಿನಿಂದ ಸೌದೆ ಸಾಗಿಸುವ ಮೊದಲೂ ಅಲ್ಲೊಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಜಾಲಿ ಮುಳ್ಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹವಾಯಿ ಚಪ್ಪಲಿಯನ್ನಷ್ಟೇ ಅಲ್ಲ, ಟ್ರ್ಯಾಕ್ಟರ್ ಟೈರನ್ನೂ ತೂರುತ್ತದೆ. ಒಳಗೆ ಮುರಿದುಳಿದರೆ ಕೀವಾಗುತ್ತದೆ, ಕೀಲಿನ ಹತ್ತಿರ ಚುಚ್ಚಿದರೆ ತಿಂಗಳಾದರೂ ಊತ ಇಳಿಯದೆ ಇರಬಹುದು. ದಪ್ಪ ಅಟ್ಟೆಯ ಬೂಟು, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಚುಚ್ಚಿದರೆ ಮುಳ್ಳು ಪೂರ್ತಿ ತೆಗೆಸಿ ಟಿಟಿ ಚುಚ್ಚುಮದ್ದು ಹಾಕಿಸಿ. ಪೊದೆಯ ಬುಡದಲ್ಲಿ ಕೊಳಕುಮಂಡಲ ಹಾವು ಇರುವುದು ನಮ್ಮ ಕಡೆ ಮಾಮೂಲು. ಮೊದಲು ಉದ್ದ ಕೋಲಿನಿಂದ ಬಡಿದು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ. ಕಚ್ಚಿದರೆ ನೇರವಾಗಿ ಆಸ್ಪತ್ರೆಗೆ, ನಾಟಿ ಮದ್ದೆಂದು ಹೊತ್ತು ಕಳೆಯಬಾರದು.

ಹೊಲದಲ್ಲಿ, ಬೀಳಿನಲ್ಲಿ ಜಾಲಿ ಕೀಳುವುದು

ಜಾಲಿಯ ತಾಯಿಬೇರು ಬಹಳ ಆಳಕ್ಕೆ ಹೋಗುತ್ತದೆ, ಅದನ್ನೆಲ್ಲ ಅಗೆಯುವುದು ಆಗದ ಮಾತು ಎಂದು ಅನೇಕರು ಕೈಚೆಲ್ಲುತ್ತಾರೆ. ಅಷ್ಟು ಅಗೆಯುವ ಅಗತ್ಯವೇ ಇಲ್ಲ. ಮತ್ತೆ ಚಿಗುರುವ ಮೊಗ್ಗುಗಳಿರುವುದು ಕಾಂಡ ಬೇರಿಗೆ ಕೂಡುವ ಗಂಟಿನಲ್ಲಿ ಮಾತ್ರ. ಆ ಗಂಟು ಹೋದರೆ ಕೆಳಗಿನ ಬೇರು ಅಲ್ಲೇ ಕೊಳೆಯುತ್ತದೆ.

ಹೀಗೆ ಮಾಡಿ:

1. ಮೊದಲು ಮೇಲಿನ ರೆಂಬೆಗಳನ್ನು ಸವರಿ, ಸೊಂಟದೆತ್ತರದ ಮೋಟು ಉಳಿಸಿಕೊಳ್ಳಿ. ಪೂರ್ತಿ ನೆಲಕ್ಕೆ ಕಡಿದುಬಿಟ್ಟರೆ ಆಮೇಲೆ ಹಿಡಿದು ಅಲುಗಿಸಲು ಏನೂ ಇರುವುದಿಲ್ಲ.

2. ಬುಡದ ಸುತ್ತ ಒಂದು ಮೊಳ ಅಗಲಕ್ಕೆ ಮಣ್ಣು ಬಿಡಿಸಿ. ಮೇಲೆ ಉಬ್ಬಿದ, ಹಳೆಯ ಕಡಿತದ ಗಾಯಗಳಿರುವ ಗಡ್ಡೆಯಂಥ ಭಾಗ ಕಾಣುತ್ತದೆ. ಕೈಯಾಡಿಸಿದರೆ ಒರಟು ಒರಟು, ಅಲ್ಲಲ್ಲಿ ಮೊಡವೆಯಂತೆ ಮೊಗ್ಗು. ಇನ್ನೂ ಕೆಳಗೆ ಹೋದರೆ ಒಂದು ಕಡೆ ಆ ಒರಟುತನ ನಿಂತು, ಬೇರು ಒಂದೇ ಗಾತ್ರದಲ್ಲಿ ನುಣುಪಾಗಿ ಇಳಿಯುತ್ತದೆ.

3. ಆ ನುಣುಪು ಶುರುವಾದ ಮೇಲೂ ನಾಲ್ಕು ಬೆರಳು ಕೆಳಗೆ ಕೊಡಲಿ ಹಾಕಿ. ಸಾಮಾನ್ಯ ಗಿಡಕ್ಕೆ ನೆಲಮಟ್ಟದಿಂದ ಒಂದು ಗೇಣು ಸಾಕು, ಹಳೆಯ ದಪ್ಪ ಬುಡಕ್ಕೆ ಒಂದೂಕಾಲು ಅಡಿವರೆಗೆ ಹೋಗಬೇಕು. ಹೊಳೆದಂಡೆ, ಹಳ್ಳದ ಬದಿಯಲ್ಲಿ ಮರಳು ಬಂದು ಬುಡ ಹೂತಿದ್ದರೆ ಗಂಟು ಇನ್ನೂ ಕೆಳಗಿರುತ್ತದೆ. ಅಲ್ಲಿ ಅಳತೆ ನಂಬದೆ ಗಂಟನ್ನೇ ಹುಡುಕಿ.

4. ಪಕ್ಕದ ಬೇರುಗಳು ಕತ್ತರಿಸಿ ಹೋದರೂ ಚಿಂತೆ ಬೇಡ. ಗಂಟು ಮಾತ್ರ ಮಣ್ಣಿನಲ್ಲಿ ಉಳಿಯಬಾರದು. ಕಿತ್ತ ಗಂಟನ್ನು ಬೇರು ಮೇಲೆ ಮಾಡಿ ಬಿಸಿಲಿಗೆ ಒಣಗಿಸಿ. ಒಳ್ಳೆಯ ಸೌದೆ, ಇದ್ದಿಲು ಅದರಲ್ಲೇ ಇದೆ.

ಎಕರೆಗಟ್ಟಲೆ ಇದ್ದರೆ ಜೆಸಿಬಿ ಬೇಕಾಗುತ್ತದೆ. ಚಾಲಕರಿಗೆ ‘ಕ್ಲೀನ್ ಮಾಡಿ’ ಎಂದಷ್ಟೇ ಹೇಳಿದರೆ ಬಕೆಟ್ಟಿನಿಂದ ತಳ್ಳಿ, ಬುಡ ಮುರಿದು, ಮಣ್ಣು ಎಳೆದು ಮಟ್ಟ ಮಾಡಿ ಹೋಗುತ್ತಾರೆ. ನೋಡಲು ಹಸನು, ಗಂಟೆಲ್ಲ ಒಳಗೆ. ಹಲ್ಲು ಬುಡದ ಕೆಳಗೆ ಇಳಿಸಿ ಮೇಲಕ್ಕೆ ಮೀಟಲು ಹೇಳಿ, ಮೊದಲ ಹತ್ತು ಗಿಡ ಮುಗಿಯುವವರೆಗೆ ಪಕ್ಕದಲ್ಲೇ ನಿಂತು ಪ್ರತಿ ಬುಡದ ಗಂಟನ್ನು ಕಣ್ಣಾರೆ ನೋಡಿ.

ಇದ್ದಿಲಿನವರಿಗೆ ಅಥವಾ ಸೌದೆ ವ್ಯಾಪಾರಿಗಳಿಗೆ ಗುತ್ತಿಗೆ ಕೊಡುವ ಪಂಚಾಯಿತಿಗಳಿಗೆ ಒಂದು ಮಾತು. ಗುತ್ತಿಗೆದಾರರಿಗೆ ಬುಡ ಉಳಿದರೇ ಲಾಭ, ಮೂರ್ನಾಲ್ಕು ವರ್ಷಕ್ಕೆ ಮತ್ತೆ ಸೌದೆ ಸಿಗುತ್ತದೆ. ಹಾಗಾಗಿ ಕರಾರಿನಲ್ಲೇ ‘ಬೇರಿನ ಗಂಟು ಸಮೇತ’ ಎಂದು ಬರೆಸಿ, ಠೇವಣಿಯ ಒಂದು ಪಾಲನ್ನು ಒಂದು ಮಳೆಗಾಲ ಮುಗಿಯುವವರೆಗೆ ಹಿಡಿದಿಡಿ. ಚಿಗುರು ಎದ್ದ ಬುಡಗಳನ್ನು ಕೀಳಿಸಿದ ಮೇಲೆಯೇ ಅದನ್ನು ವಾಪಸ್ ಮಾಡಿ.

ಕೆರೆಯಲ್ಲಿ ಕೆಲಸದ ಕ್ರಮ

ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಯೇ ಜೀವ. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಯಿಂದ ಕೆರೆಗೆ ಹರಿಯುತ್ತಿದೆ. ನಡುವಿನ ಕಾಲುವೆ ಜಾಲಿಯಿಂದ ಕಟ್ಟಿದ್ದರೆ ಯಾವ ನೀರು ಬಂದರೂ ಕೆಳಗಿನ ಊರಿಗೆ ತಲುಪುವುದಿಲ್ಲ. ಹಣ ಎಷ್ಟೇ ಇರಲಿ, ಮೊದಲು ರಾಜಕಾಲುವೆ, ಆಮೇಲೆ ಕೋಡಿ ಮತ್ತು ತೂಬಿನ ಬಾಯಿ, ಕೊನೆಗೆ ಕೆರೆಯಂಗಳ. ಸಾಮಾನ್ಯವಾಗಿ ಕೆಲಸ ಇದಕ್ಕೆ ಉಲ್ಟಾ ನಡೆಯುತ್ತದೆ, ಏಕೆಂದರೆ ಅಂಗಳದಲ್ಲಿ ಸೌದೆ ಜಾಸ್ತಿ.

ಏರಿಯ ವಿಷಯದಲ್ಲಿ ಮಾತ್ರ ಮೇಲೆ ಹೇಳಿದ ಅಗೆಯುವ ವಿಧಾನವನ್ನು ಕಣ್ಣುಮುಚ್ಚಿ ಬಳಸಬೇಡಿ. ದಪ್ಪ ಬುಡವನ್ನು ಜೆಸಿಬಿಯಿಂದ ಕಿತ್ತರೆ ಏರಿಯಲ್ಲಿ ಗುಳಿ ಬೀಳುತ್ತದೆ, ಆ ಗುಳಿ ಸಡಿಲ ಮಣ್ಣಿನಿಂದ ಮುಚ್ಚಿದ್ದರೆ ಕೆರೆ ತುಂಬಿದ ದಿನ ನೀರು ಅಲ್ಲೇ ಜಿನುಗಲು ಶುರುವಾಗುತ್ತದೆ. ಏರಿ ಮೇಲಿನ ಎಳೆ ಗಿಡಗಳನ್ನು ಕೈಯಿಂದ ಕಿತ್ತು, ಜೇಡಿಮಣ್ಣು ತುಂಬಿ, ಪದರ ಪದರವಾಗಿ ನೀರು ಚಿಮುಕಿಸಿ ದಿಮ್ಮಸು ಹಾಕಿ. ದೊಡ್ಡ ಬುಡಗಳನ್ನು ನೆಲಮಟ್ಟಕ್ಕೆ ಕುಯ್ದು, ಚಿಗುರು ಒಂದು ಗೇಣು ಆಗುವುದರೊಳಗೆ ಮತ್ತೆ ಮತ್ತೆ ಮುರಿಯುತ್ತಿರಿ. ತಿಂಗಳಿಗೊಮ್ಮೆಯಂತೆ ಒಂದೆರಡು ವರ್ಷ ಬಿಡದೆ ಮಾಡಿದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ಮುಗಿದು ಬುಡ ಒಣಗುತ್ತದೆ. ಕೆರೆ ನೀರು ಬಿಡುವ ನೀರಗಂಟಿ ಇರುವ ಊರಿನಲ್ಲಿ ಈ ಕೆಲಸ ಅವರಿಗೆ ವಹಿಸಿ, ಅದಕ್ಕೆ ತಕ್ಕ ಕೂಲಿ ಕೊಡಿ. ಹಳೆಯ ದೊಡ್ಡ ಮರಗಳನ್ನು ಏರಿಯಿಂದ ತೆಗೆಯುವುದೇ ಆದರೆ ಇಲಾಖೆಯ ಎಂಜಿನಿಯರ್ ಎದುರಿಗೇ ತೆಗೆಸಿ.

ಇನ್ನೊಂದು ಮಾತು ಗ್ರಾಮಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಜಮೀನಿಲ್ಲದವರ ಒಲೆ ಉರಿಯುವುದು ಈ ಜಾಲಿ ಸೌದೆಯಿಂದಲೇ. ಇಡೀ ಕೆರೆಯನ್ನು ಒಂದೇ ವಾರದಲ್ಲಿ ಬೋಳು ಮಾಡಿ ಸೌದೆಯನ್ನೆಲ್ಲ ಹರಾಜು ಹಾಕಿದರೆ ಆ ಮನೆಗಳ ಹೆಂಗಸರು ಎಲ್ಲಿಗೆ ಹೋಗಬೇಕು? ಭಾಗ ಭಾಗವಾಗಿ ಎರಡು ಮೂರು ವರ್ಷಕ್ಕೆ ಹಂಚಿ, ಕಡ್ಡಿ ಸೌದೆಯನ್ನು ಊರವರಿಗೆ ಬಿಡಿ.

ಬೆಟ್ಟದ ಬದಿಯ ಲಂಟಾನ

ದೇವರಾಯನದುರ್ಗದ ಆಸುಪಾಸು, ನಂದಿಯ ಸುತ್ತಲಿನ ಬೆಟ್ಟಸಾಲು, ಕೋಲಾರದ ಗುಡ್ಡಗಳ ತಪ್ಪಲಿನ ತೋಟಗಳಲ್ಲಿ ತೊಂದರೆ ಇದರದ್ದು. ದನ ಮೇಯ್ದರೆ ಕಾಮಾಲೆ ಹತ್ತುತ್ತದೆ, ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುತ್ತದೆ. ಮೇವಿಲ್ಲದ ಬೇಸಿಗೆಯಲ್ಲಿ ಹೊಸದಾಗಿ ಕೊಂಡು ತಂದ ದನಗಳು ಇದಕ್ಕೆ ಬಾಯಿ ಹಾಕದಂತೆ ನೋಡಿಕೊಳ್ಳಿ.

ಇದಕ್ಕೆ ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಸರಳ. ಲಂಟಾನದ ಚಿಗುರೊಡೆಯುವ ಭಾಗ ನೆಲಕ್ಕೆ ಬಹಳ ಹತ್ತಿರ. ಗುದ್ದಲಿಯಿಂದ ತಾಯಿಬೇರನ್ನು ಮಣ್ಣಿನೊಳಗೆ ಎರಡು ಮೂರು ಬೆರಳಿನಷ್ಟು ಕೆಳಗೆ ಒಂದೇ ಏಟಿಗೆ ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ. ಕಾಂಡ ನೆಲಕ್ಕೆ ತಾಗಿ ಮಲಗಿದರೆ ಹಸಿಯಲ್ಲಿ ಮತ್ತೆ ಬೇರು ಬಿಡುತ್ತದೆ, ಬುಡ ಆಕಾಶ ನೋಡುತ್ತಿದ್ದರೆ ಒಣಗುತ್ತದೆ. ಹಣ್ಣು ಕಪ್ಪಾಗುವ ಮೊದಲೇ ಮಾಡಿ.

ಬೆಂಕಿ ಹಚ್ಚುವ ಯೋಚನೆ ಬೇಡವೇ ಬೇಡ. ಮೇಲಿನದು ಸುಡುತ್ತದೆ, ಬುಡ ಉಳಿದು ಮೊದಲ ಮಳೆಗೇ ಚಿಗುರುತ್ತದೆ, ಜೊತೆಯಲ್ಲಿದ್ದ ಹುಲ್ಲು ಮತ್ತು ಮರದ ಸಸಿಗಳು ಸುಟ್ಟುಹೋಗಿ ಅದಕ್ಕೇ ಜಾಗವಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಅಡ್ಡ ಪಟ್ಟಿಗಳಾಗಿ ತೆಗೆಯಿರಿ, ಒಮ್ಮೆಗೇ ತೆಗೆದರೆ ಮಣ್ಣು ಕೊಚ್ಚಿಹೋಗುತ್ತದೆ. ಪಿಕಳಾರ, ಗೊರವಂಕಗಳು ಹಣ್ಣು ತಿಂದು ಮರದ ಮೇಲೆ ಕೂತು ಬೀಜ ಹಾಕುವುದರಿಂದ ಮುಂದಿನ ವರ್ಷ ಸಸಿ ಹುಡುಕಬೇಕಾದದ್ದು ದೊಡ್ಡ ಮರಗಳ ಕೆಳಗೆ. ಕಡಿದ ಕಾಂಡವನ್ನು ದಂಡ ಮಾಡಬೇಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ.

ಔಷಧಿ ಹೊಡೆಯುವ ವಿಚಾರ

‘ಯಾವ ಎಣ್ಣೆ ಹೊಡೆಯಲಿ?’ ಎಂದು ಮೊದಲೇ ಕೇಳುವವರು ಬಹಳ. ಕೆರೆ, ಕಾಲುವೆ, ತೆರೆದ ಬಾವಿ ಹತ್ತಿರ ಯಾವುದೂ ಬೇಡ ಎಂಬುದು ನನ್ನ ಖಚಿತ ಮಾತು. ಬುಡಕ್ಕೆ ಡೀಸೆಲ್, ವೇಸ್ಟ್ ಆಯಿಲ್, ಉಪ್ಪು ಸುರಿಯುವುದೂ ಬೇಡ, ನಾವೂ ನಮ್ಮ ದನವೂ ಕುಡಿಯುವುದು ಅದೇ ನೀರು. ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯ ಮೇಲೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನಿರ್ಬಂಧ ಹಾಕಿ, ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಬಳಸಬಹುದೆಂದು ಆದೇಶಿಸಿತು. ಅಂಗಡಿಯವರ ಮಾತಿಗಿಂತ ನಿಮ್ಮ ಕೃಷಿ ವಿಜ್ಞಾನ ಕೇಂದ್ರದ ಮಾತು ಕೇಳಿ: ತುಮಕೂರಿಗೆ ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿ, ಕೋಲಾರಕ್ಕೆ ಟಮಕ, ಚಿಕ್ಕಬಳ್ಳಾಪುರಕ್ಕೆ ಚಿಂತಾಮಣಿಯ ಕುರುಬೂರು.

ಹುಳು ಬಿಟ್ಟು ಕಳೆ ಕೊಲ್ಲುವುದು ಪಾಪಾಸುಕಳ್ಳಿಯಲ್ಲಿ ಗೆದ್ದಿದೆ. 1926ರಲ್ಲಿ ಶ್ರೀಲಂಕಾದಿಂದ ತರಿಸಿದ ಬಿಳಿ ಹಿಟ್ಟಿನ ಹುಳು ದಕ್ಷಿಣ ಭಾರತದ ಬಯಲುಗಳನ್ನು ಆ ಕಳ್ಳಿಯಿಂದ ಬಿಡಿಸಿತು. ಲಂಟಾನಕ್ಕೂ ಹುಳು ತಂದರು, ಫಲ ಸಿಗಲಿಲ್ಲ. ಜಾಲಿಗೆ ಸದ್ಯ ಗುದ್ದಲಿಯೇ ಗತಿ.

ಖಾಲಿಯಾದ ನೆಲ ಖಾಲಿ ಇರಬಾರದು

ಜಾಲಿ ಸಸಿಗೆ ಬಿಸಿಲು ಬೇಕು. ನೆಲ ಮುಚ್ಚಿದ್ದರೆ ಅದು ಏಳುವುದೇ ಕಷ್ಟ. ಹೊಲವಾದರೆ ಮೊದಲ ವರ್ಷ ಹುರುಳಿ ಅಥವಾ ಅವರೆಯನ್ನು ಒತ್ತಾಗಿ ಚೆಲ್ಲಿ, ಬಳ್ಳಿ ನೆಲ ಮುಚ್ಚುತ್ತದೆ, ಮಣ್ಣಿಗೂ ಸಾರ. ರಾಗಿ ಎರಡನೇ ವರ್ಷಕ್ಕಿರಲಿ, ಕುಂಟೆ ಹೊಡೆಯುವಾಗ ಉಳಿದ ಸಸಿಗಳೂ ಹೋಗುತ್ತವೆ. ಗೋಮಾಳವಾದರೆ ಅಂಜನ ಹುಲ್ಲು, ಸ್ಟೈಲೋ ಎಂಬ ಮೇವಿನ ಗಿಡದ ಬೀಜ ಚೆಲ್ಲಿ ಒಂದು ಮಳೆಗಾಲ ದನ ಬಿಡಬೇಡಿ. ಕಾಲುವೆ ಬದಿಗೆ ಹೊಂಗೆ, ಹೊಲದ ಬದುವಿಗೆ ಬೇವು, ಹುಣಸೆ. ಮಧುಗಿರಿಯ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಂಥ ಹುಲ್ಲುಗಾವಲಿನ ಸುತ್ತ ಮಾತ್ರ ಮರ ನೆಡುವ ಉತ್ಸಾಹ ಬೇಡ, ಅಲ್ಲಿ ಹುಲ್ಲೇ ಆಸ್ತಿ.

ಮುಳ್ಳಿನ ಬೇಲಿ ಬೇಕೆಂದು ಜಾಲಿ ಉಳಿಸಿಕೊಂಡವರು ಲಕ್ಕಿ, ಸೀಮೆ ಹುಣಸೆ, ಕತ್ತಾಳೆ ಹಾಕಬಹುದು. ಅದು ಬೆಳೆಯುವವರೆಗೆ ಜಾಲಿ ರೆಂಬೆಯನ್ನೇ ಇಡುವುದಾದರೆ ಕಾಯಿ ಬಿಡಿಸಿ ಇಡಿ. ಬಿಡಿಸಿದ ಕಾಯಿಯನ್ನು ಬೀಜ ಪುಡಿಯಾಗುವಂತೆ ಬೀಸಿ ಇತರ ಮೇವಿನ ಜೊತೆ ಐದರಲ್ಲಿ ಒಂದು ಪಾಲು ಮೀರದಂತೆ ಕೊಟ್ಟರೆ ಕುರಿಗೆ ಒಳ್ಳೆಯದು. ದನಕ್ಕೆ ಅದನ್ನೇ ಮೇವಾಗಿ ತಿಂಗಳುಗಟ್ಟಲೆ ಕೊಟ್ಟರೆ ದವಡೆ, ನಾಲಿಗೆಯ ನರ ಕೆಟ್ಟು ಮೆಲುಕು ಹಾಕಲಾರದೆ ಸೊರಗುತ್ತದೆ.

ಕಿತ್ತ ಮೊದಲ ವರ್ಷ ಪ್ರತಿ ಹದಮಳೆಯ ನಂತರ ಒಂದು ಸುತ್ತು, ಎರಡನೇ ವರ್ಷ ಮುಂಗಾರಿಗೊಂದು ಹಿಂಗಾರಿಗೊಂದು ಸುತ್ತು, ಆಮೇಲೆ ಪ್ರತಿ ವರ್ಷ ಸ್ವಾತಿ ಮಳೆ ಮುಗಿದ ಮೇಲೆ ಒಂದು ಸುತ್ತು ಹಾಕಿ. ಕೈಯಲ್ಲಿ ಗುದ್ದಲಿ ಇರಲಿ. ಕೆರೆಯಾದರೆ ನೀರು ಇಳಿದಂತೆ ಅಂಚಿನುದ್ದಕ್ಕೂ ನಡೆಯಿರಿ, ತೇಲಿಬಂದ ಬೀಜ ಮೊಳೆಯುವುದು ಆ ಹಸಿ ಪಟ್ಟಿಯಲ್ಲೇ.